ನೈಟ್ ಡ್ಯೂಟಿ ಮುಗಿಸಿ ಬಂದವರಿಗೆ ನಿದ್ದೆ ಸಿಗುವ ಪಿಜಿ: ಕಲಬುರಗಿ, ಸೇಡಂ ರಸ್ತೆ ಕಡೆ

ಕಲಬುರಗಿಯಲ್ಲಿ ಇದು ನನ್ನ ನಾಲ್ಕನೇ ಪಿಜಿ. ಈ ಪಿಜಿಗೆ ಬಂದು ಒಂದು ವರ್ಷ ಎಂಟು ತಿಂಗಳಾಯ್ತು. ಮೊದಲಿನ ಮೂರರಲ್ಲಿ ಯಾವುದರಲ್ಲೂ ವರ್ಷ ತುಂಬಲಿಲ್ಲ.

ನಾನು ಸ್ಟಾಫ್ ನರ್ಸ್. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮುಗಿಸಿದ್ದು 2021ರಲ್ಲಿ. ಊರು ಶಹಾಪುರದ ಹತ್ತಿರ. ಕೆಲಸ ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ. ತಿಂಗಳಿಗೆ ಹತ್ತರಿಂದ ಹದಿನಾಲ್ಕು ನೈಟ್ ಬೀಳುತ್ತವೆ. ರಾತ್ರಿ ಎಂಟಕ್ಕೆ ಶುರು, ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕು. ಮುಗಿಯುವುದು ಯಾವಾಗ ಅನ್ನುವುದು ಬೇರೆ ಮಾತು.

ಅದಕ್ಕೇ ನಾನು ಪಿಜಿ ನೋಡಲು ಹೋದಾಗ ವೈಫೈ ಇದೆಯಾ, ವಾಷಿಂಗ್ ಮಷೀನ್ ಇದೆಯಾ ಅಂತ ಮೊದಲು ಕೇಳಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದರೆ ತಿನ್ನಲು ಏನಾದರೂ ಉಳಿದಿರುತ್ತಾ ಅಂತ ಕೇಳ್ತೇನೆ. ಹಗಲು ಹನ್ನೊಂದಕ್ಕೆ ರೂಮು ಕತ್ತಲಾಗುತ್ತಾ ಅಂತ ಕೇಳ್ತೇನೆ. ಇನ್ನೊಂದು ಪ್ರಶ್ನೆ ಇದೆ, ಅದನ್ನು ಬಾಯಿಬಿಟ್ಟು ಕೇಳಲು ಆಗಲ್ಲ. ರಾತ್ರಿ ಏಳೂವರೆಗೆ ಬ್ಯಾಗ್ ಹಾಕಿಕೊಂಡು ಹೊರಡುವ ಹುಡುಗಿಯನ್ನು ಈ ಮನೆಯವರು ಹೇಗೆ ನೋಡ್ತಾರೆ? ಅದು ಇದ್ದು ನೋಡಿದ ಮೇಲೆಯೇ ಗೊತ್ತಾಗೋದು.

ಈ ಪಿಜಿಗೆ ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಅರ್ಧ ಯಾಕೆ ಕಡಿಮೆ ಅಂತ ಮುಂದೆ ಹೇಳ್ತೇನೆ. ಹೆಸರು ಬರೆಯುತ್ತಿಲ್ಲ. ಪಿಜಿ ನಡೆಸುವ ಆಂಟಿ ಬೇಡ ಅಂದಿದ್ದಾರೆ. ಇರುವುದೇ ಹದಿನಾಲ್ಕು ಮಂಚ, ಹೆಸರು ಹಾಕಿದರೆ ದಿನಾ ಫೋನ್ ಬರುತ್ತೆ, ಬಂದವರಿಗೆ ಇಲ್ಲ ಅನ್ನುವುದು ನನಗೆ ಆಗಲ್ಲ ಅಂದರು. ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳು ಸಾಲಾಗಿವೆಯಲ್ಲ, ಅಲ್ಲಿಂದ ಒಳಗೆ ನಡೆದುಕೊಂಡು ಹೋಗುವಷ್ಟು ದೂರ. ಅಲ್ಲಿ ಕೆಲಸ ಮಾಡುವ ಯಾವ ಸಿಸ್ಟರ್‌ನ್ನು ಕೇಳಿದರೂ ದಾರಿ ತೋರಿಸ್ತಾರೆ.

ಮೊದಲು ಹಳೆಯ ಮೂರರ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಇದು ಯಾಕೆ ಒಳ್ಳೆಯದು ಅಂತ ಅರ್ಥ ಆಗಲ್ಲ.

ಮೊದಲನೆಯದರಲ್ಲಿ ಗೇಟು ಒಂಬತ್ತಕ್ಕೆ ಹಾಕುತ್ತಿದ್ದರು. ಡೇ ಡ್ಯೂಟಿ ಇದ್ದಾಗ ಎಂಟಕ್ಕೆ ಬಿಡಬೇಕು. ಆದರೆ ನೈಟ್ ಸಿಸ್ಟರ್ ಬಂದು, ಒಂದೊಂದೇ ಬೆಡ್ ಹ್ಯಾಂಡೋವರ್ ಕೊಟ್ಟು, ಫೈಲ್ ಬರೆದು ಹೊರಡುವಾಗ ಎಂಟೂಮುಕ್ಕಾಲು. ಎಷ್ಟೋ ಸಲ ಗೇಟಿನ ಹೊರಗೆ ನಿಂತು ಫೋನ್ ಮಾಡಿದ್ದೇನೆ. ಎರಡನೆಯದರಲ್ಲಿ ರೂಮಿನಲ್ಲಿ ಉಳಿದ ಮೂವರೂ ಪರೀಕ್ಷೆಗೆ ಓದುವ ಹುಡುಗಿಯರು. ಪಾಪ, ಅವರ ತಪ್ಪಲ್ಲ. ಹಗಲು ಅವರು ಓದುವ ಹೊತ್ತು, ನಾನು ಮಲಗುವ ಹೊತ್ತು. ನಾನು ಮುಖದ ಮೇಲೆ ದುಪಟ್ಟಾ ಹಾಕಿಕೊಂಡು ಗೋಡೆ ಕಡೆ ತಿರುಗುತ್ತಿದ್ದೆ. ಅವರು ಪಿಸುಮಾತಿನಲ್ಲಿ ಓದುತ್ತಿದ್ದರು. ಇಬ್ಬರಿಗೂ ಆಗಲಿಲ್ಲ.

ಮೂರನೆಯದರಲ್ಲಿ ಊಟ ಚೆನ್ನಾಗಿತ್ತು, ರೂಮು ದೊಡ್ಡದಿತ್ತು. ಒಂದು ದಿನ ಮೆಟ್ಟಿಲ ಮೇಲೆ ಬರುವಾಗ ಮನೆ ಯಜಮಾನಿ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು: "ಆ ಹುಡುಗಿ ರಾತ್ರಿ ಹೋಗ್ತಾಳ, ಮುಂಜಾನಿ ಬರ್ತಾಳ. ಕೇಳಿದ್ರ ಡ್ಯೂಟಿ ಅಂತಾಳ." ಅಂತಾಳ ಅಂದ ಆ ರೀತಿ ಇದೆಯಲ್ಲ, ಅದು ಈಗಲೂ ಕಿವಿಯಲ್ಲಿದೆ. ನಾನು ಆಗ ಹನ್ನೆರಡು ಗಂಟೆ ನಿಂತು ಬಂದಿದ್ದೆ. ಅವತ್ತು ಬೆಳಗಿನ ಜಾವ ಒಬ್ಬ ಅಜ್ಜಿ ತೀರಿಕೊಂಡಿದ್ದರು. ಮೂಗಿಗೆ ಹತ್ತಿ ಇಟ್ಟು, ಕಾಲಿನ ಹೆಬ್ಬೆರಳು ಕಟ್ಟಿ, ಅವರ ಮಗಳಿಗೆ ನೀರು ಕೊಟ್ಟು ಬಂದಿದ್ದೆ. ಮೆಟ್ಟಿಲ ಮೇಲೆ ನಿಂತೇ ಇದ್ದೆ. ಏನೂ ಅನ್ನಲಿಲ್ಲ. ತಿಂಗಳು ಮುಗಿದ ಮೇಲೆ ಬಿಟ್ಟೆ.

ಈ ಪಿಜಿ ಗೊತ್ತಾಗಿದ್ದು ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರಿಂದ. ನೋಡಲು ಹೋದ ದಿನ ಆಂಟಿ ನನ್ನನ್ನು ಕೇಳಿದ ಮೊದಲ ಮಾತು ಅಡ್ವಾನ್ಸ್ ಬಗ್ಗೆ ಅಲ್ಲ. "ನೈಟ್ ಎಷ್ಟ ಬೀಳ್ತಾವ ನಿಂಗ?" ಅಂದರು. ಹದಿನಾಲ್ಕರವರೆಗೆ ಅಂದೆ. "ಹಂಗಾದ್ರ ನೀ ಕೆಳಗಿನ ರೂಮಿನ್ಯಾಗ ಇರು" ಅಂತ ನೇರವಾಗಿ ಕೆಳಗೆ ಕರೆದುಕೊಂಡು ಹೋದರು.

ಈ ಮನೆಯವರಿಗೆ ಇದು ಹೇಗೆ ಗೊತ್ತು ಅಂದರೆ, ಅಂಕಲ್ ಸಾರಿಗೆ ಸಂಸ್ಥೆಯಲ್ಲಿ ಡ್ರೈವರ್ ಆಗಿದ್ದವರು. ರಾತ್ರಿ ಬಸ್ಸು, ನೈಟ್ ಹಾಲ್ಟ್, ಹಗಲು ಡಿಪೋದ ರೆಸ್ಟ್ ರೂಮಿನಲ್ಲಿ ನಿದ್ದೆ. ಇಡೀ ಸರ್ವಿಸ್ ಹಾಗೇ ಕಳೆದಿದ್ದಾರೆ. ಅವರು ಒಮ್ಮೆ ಹೇಳಿದರು: "ಹಗಲ ನಿದ್ದಿ ಅಂದ್ರ ಸೋರೋ ಕೊಡ ಇದ್ದಂಗವ್ವಾ. ಎಷ್ಟ ತುಂಬಿದ್ರೂ ತುಂಬಂಗಿಲ್ಲ." ಇಷ್ಟು ವರ್ಷ ನರ್ಸಿಂಗ್ ಓದಿ, ಕೆಲಸ ಮಾಡಿ, ನನಗೇ ಇಷ್ಟು ಸರಿಯಾಗಿ ಹೇಳಲು ಬಂದಿರಲಿಲ್ಲ.

ಪಿಜಿ ಶುರುವಾದ ಕಥೆಯನ್ನು ಆಂಟಿ ಹೇಳ್ತಾರೆ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ ಅಲ್ವಾ. ಊರೆಲ್ಲಾ ನಡುಗಿತ್ತು. ನಾನು ಆಗ ಜಿಎನ್‌ಎಂ ಎರಡನೇ ವರ್ಷ. ಆ ದಿನಗಳಲ್ಲಿ ಒಬ್ಬ ಸಿಸ್ಟರ್‌ಗೆ ಬಾಡಿಗೆ ಮನೆಯವರು "ಆಸ್ಪತ್ರೆಗೆ ಹೋಗೋದಾದರೆ ಮನೆಗೆ ಬರಬೇಡ" ಅಂದಿದ್ದರಂತೆ. ಟ್ರಂಕು ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದಳಂತೆ. ಆಂಟಿ ಕರೆದು ಹಿಂದಿನ ರೂಮು ಬಿಟ್ಟುಕೊಟ್ಟರು. ಆಮೇಲೆ ಅವಳ ಗೆಳತಿ ಬಂದಳು, ಆಮೇಲೆ ಇನ್ನಿಬ್ಬರು. ಮೇಲೆ ಎರಡು ರೂಮು ಕಟ್ಟಿಸಿದ್ದು ಆಮೇಲೆ. ಈಗ ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ನರ್ಸ್‌ಗಳು. ಇಬ್ಬರು ಲ್ಯಾಬ್ ಟೆಕ್ನಿಷಿಯನ್, ಒಬ್ಬಳು ಫಾರ್ಮಸಿ ಹುಡುಗಿ.

ಕೆಳಗಿನ ರೂಮುಗಳಲ್ಲಿ ನೆಲಕ್ಕೆ ಹಳೆಯ ಶಹಾಬಾದ್ ಫರಸಿ ಕಲ್ಲು ಇದೆ. ಟೈಲ್ಸ್ ಅಲ್ಲ. ಇದನ್ನು ನಾನು ಒತ್ತಿ ಹೇಳ್ತೇನೆ, ಯಾಕೆಂದರೆ ಕಲಬುರಗಿಯ ಏಪ್ರಿಲ್, ಮೇ ತಿಂಗಳು ಗೊತ್ತಲ್ಲ. 42, 43 ಡಿಗ್ರಿ ಮಾಮೂಲು. ಊರಿನವರೆಲ್ಲ ರಾತ್ರಿ ಸ್ವಲ್ಪ ತಂಪಾದಾಗ ಮಲಗ್ತಾರೆ. ನಾವು ಮಲಗುವುದು ಸರಿಯಾಗಿ ಸುಡುವ ಹೊತ್ತಿನಲ್ಲಿ, ಹನ್ನೊಂದರಿಂದ ನಾಲ್ಕು. ಫರಸಿ ಮೇಲೆ ನೀರು ಚಿಮುಕಿಸಿ, ಒರೆಸಿ, ಚಾಪೆ ಹಾಕಿಕೊಂಡು ಮಲಗಿದರೆ ಬೆನ್ನಿಗೆ ಜೀವ ಬರುತ್ತೆ. ಕಿಟಕಿಗಳಿಗೆ ಅಂಕಲ್ ದಪ್ಪ ನೀಲಿ ಬಟ್ಟೆಯ ಪರದೆ ಹೊಲಿಸಿದ್ದಾರೆ, ಒಳಗೆ ಕಪ್ಪು ಲೈನಿಂಗ್. ಹಾಕಿದರೆ ಹಗಲು ಹನ್ನೆರಡಕ್ಕೆ ಕೈ ಕಾಣಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಕೂಲರ್‌ಗೆ ತಿಂಗಳಿಗೆ 300 ರೂಪಾಯಿ ಜಾಸ್ತಿ. ಕರೆಂಟ್ ಹೋದರೆ ಕೂಲರ್ ಇಲ್ಲ, ಫ್ಯಾನ್ ಮಾತ್ರ ಇನ್ವರ್ಟರ್‌ನಲ್ಲಿ ತಿರುಗುತ್ತೆ.

ಮೇಲಿನ ರೂಮು ಬೇಸಿಗೆಯಲ್ಲಿ ನರ್ಸ್‌ಗಳಿಗೆ ಆಗಲ್ಲ. ಸ್ಲ್ಯಾಬಿನ ಕಾವು ನೇರವಾಗಿ ಇಳಿಯುತ್ತೆ. ನನ್ನ ಅರ್ಧ ಅಂಕ ಕಡಿಮೆಯಾಗಿದ್ದು ಇದಕ್ಕೇ. ಮೇಲಿನ ನಾಲ್ವರಲ್ಲಿ ಇಬ್ಬರಿಗೆ ನೈಟ್ ಬೀಳುತ್ತೆ. ಅವರು ಮೇ ತಿಂಗಳಲ್ಲಿ ಕೆಳಗೆ ಬಂದು ನಮ್ಮ ಮಂಚಗಳ ನಡುವೆ ಮಲಗ್ತಾರೆ. ಮೇಲಿನ ರೂಮಿಗೂ ಅಷ್ಟೇ ಬಾಡಿಗೆ ತಗೊಳ್ಳುವುದು ಸರಿಯಲ್ಲ ಅಂತ ಆಂಟಿಗೆ ಹೇಳಿದ್ದೇನೆ. ಮೇಲೆ ಬಿಳಿ ಸುಣ್ಣ ಬಳಿಸ್ತೇವೆ ಅಂದಿದ್ದಾರೆ. ಇನ್ನೂ ಬಳಿಸಿಲ್ಲ.

ಈಗ ಮುಖ್ಯವಾದ ವಿಷಯ. ಚಕ್ಕುಲಿ ಡಬ್ಬಿ.

ಅಡುಗೆಮನೆ ಬಾಗಿಲ ಹತ್ತಿರ ಚಕ್ಕುಲಿ ಇಡುವಂಥ ಒಂದು ದೊಡ್ಡ ಸ್ಟೀಲ್ ಡಬ್ಬಿ ಇದೆ. ನೈಟ್ ಮುಗಿಸಿ ಬಂದವರು ಮಲಗುವ ಮೊದಲು ಫೋನನ್ನು ಅದರಲ್ಲಿ ಹಾಕುತ್ತೇವೆ. ಸೈಲೆಂಟ್ ಮಾಡಲ್ಲ. ಬಂದ ಫೋನನ್ನು ಆಂಟಿ ಎತ್ತುತ್ತಾರೆ. ಅಪ್ಪ ಅಮ್ಮನದಾದರೆ ಮಾತಾಡಿ, ಅವಸರ ಇದ್ದರೆ ಮಾತ್ರ ಎಬ್ಬಿಸ್ತಾರೆ. ಆಸ್ಪತ್ರೆಯಿಂದ ಬಂದರೆ, "ಹುಡುಗಿ ಮಲಗ್ಯಾಳ್ರಿ. ರಾತ್ರಿ ಪೂರಾ ನಿಮ್ಮ ದವಾಖಾನ್ಯಾಗೇ ಇದ್ದಳಲ್ಲ. ನಾಲ್ಕಕ್ಕ ಮಾಡ್ರಿ" ಅಂತಾರೆ.

ನರ್ಸ್ ಅಲ್ಲದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗಲ್ಲ. ನಮಗೆ ಹಗಲು ಫೋನ್ ಯಾಕೆ ಬರುತ್ತೆ ಅಂದರೆ, ಬೆಡ್ ಹದಿನಾಲ್ಕರ ಫೈಲ್ ಎಲ್ಲಿಟ್ಟಿದ್ದೀರಿ, ಗ್ಲುಕೋಮೀಟರ್ ಸ್ಟ್ರಿಪ್ ಎಷ್ಟು ಉಳಿದಿತ್ತು, ಥರ್ಮಾಮೀಟರ್ ಒಂದು ಕಡಿಮೆ ಇದೆ ನಿಮ್ಮ ಶಿಫ್ಟಿನಲ್ಲೇ ಹೋಗಿದ್ದು. ಹೋಗಿದ್ದರೆ ಸಂಬಳದಲ್ಲಿ ಕಟ್. ಎಲ್ಲಕ್ಕಿಂತ ಜಾಸ್ತಿ ಬರುವುದು ಒಂದೇ ಮಾತು: ಇವತ್ತು ಒಬ್ಬರು ರಜೆ, ನೀವು ಎರಡಕ್ಕೆ ಬರಬೇಕು. ಒಂಬತ್ತೂವರೆಗೆ ಮನೆಗೆ ಬಂದವಳು ಎರಡಕ್ಕೆ ಹೋಗಿ, ಮತ್ತೆ ಅದೇ ರಾತ್ರಿ ಎಂಟಕ್ಕೆ ನೈಟ್ ಮುಂದುವರಿಸಬೇಕು. ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿದರೆ ಬಾಯಲ್ಲಿ ಬರುವುದು "ಸರಿ ಸಿಸ್ಟರ್" ಅಂತಲೇ. ನಾಲ್ಕು ವರ್ಷದಲ್ಲಿ ನಾನು ಎಷ್ಟು ಸಲ ಹಾಗೆ ಒಪ್ಪಿಕೊಂಡು ಹೋಗಿದ್ದೇನೋ ಲೆಕ್ಕ ಇಲ್ಲ. ಒಮ್ಮೆ ಹಾಗೆ ಹೋದ ದಿನ ಇನ್ಸುಲಿನ್ ಸಿರಿಂಜ್ ಕೈಯಲ್ಲಿ ಹಿಡಿದು ಯಾವ ಬೆಡ್ ಅಂತಲೇ ಮರೆತು ನಿಂತಿದ್ದೆ. ಫೈಲ್ ಮತ್ತೆ ತೆಗೆದು ನೋಡಿ ಕೊಟ್ಟೆ. ಏನೂ ಆಗಲಿಲ್ಲ. ಆದರೆ ಆ ಅರ್ಧ ನಿಮಿಷ ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತೆ.

ಡಬ್ಬಿಯಿಂದ ಒಂದು ಸಲ ತೊಂದರೆ ಆಗುವುದರಲ್ಲಿತ್ತು, ಅದನ್ನೂ ಹೇಳಬೇಕು. ನಾನು ಮದ್ದಿನ ಬೀರುವಿನ ಕೀಲಿಯನ್ನು ಏಪ್ರನ್ ಜೇಬಿನಲ್ಲೇ ಹಾಕಿಕೊಂಡು ಬಂದುಬಿಟ್ಟಿದ್ದೆ. ಇದು ಎಲ್ಲಾ ನರ್ಸ್‌ಗಳಿಗೂ ಒಮ್ಮೆಯಾದರೂ ಆಗಿರುತ್ತೆ. ವಾರ್ಡಿನಿಂದ ಫೋನ್ ಬಂತು. ಆಂಟಿ ಮೊದಲು ನಾಲ್ಕಕ್ಕೆ ಮಾಡ್ರಿ ಅಂದರಂತೆ. ಎರಡನೇ ಸಲ ಕೀಲಿ ಅಂದಾಗ ನನ್ನನ್ನು ಎಬ್ಬಿಸಲಿಲ್ಲ. ಹೊರಗೆ ನೇತುಹಾಕಿದ್ದ ಏಪ್ರನ್‌ನಲ್ಲಿ ಕೈ ಹಾಕಿ ಕೀಲಿ ತೆಗೆದು, ಅಂಕಲ್ ಸ್ಕೂಟರ್ ಮೇಲೆ ಹೋಗಿ ಕೊಟ್ಟುಬಂದರು. ನಾಲ್ಕಕ್ಕೆ ಎದ್ದ ಮೇಲೆ ನನಗೆ ಗೊತ್ತಾಯ್ತು. ಅವತ್ತಿನಿಂದ ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಆಂಟಿ "ಕೀಲಿ?" ಅಂತ ಕೇಳ್ತಾರೆ.

ಊಟದ ಬಗ್ಗೆ. ಬೆಳಿಗ್ಗೆ ಉಪ್ಪಿಟ್ಟು, ಸೂಸಲಾ, ಅವಲಕ್ಕಿ, ವಾರಕ್ಕೊಮ್ಮೆ ಇಡ್ಲಿ. ಮಧ್ಯಾಹ್ನ ರಾತ್ರಿ ಜೋಳದ ರೊಟ್ಟಿ, ಒಂದು ಪಲ್ಯ, ತೊಗರಿ ಬೇಳೆ, ಅನ್ನ. ಪುಂಡಿಪಲ್ಯ ಮಾಡಿದ ದಿನ ನಾನು ಒಂದು ರೊಟ್ಟಿ ಜಾಸ್ತಿ ತಿಂತೇನೆ. ರುಚಿ ಮನೆಯದೇ, ಎಣ್ಣೆ ಕಡಿಮೆ. ಆದರೆ ನಾನು ಹೇಳಬೇಕಾಗಿರೋದು ರುಚಿಯ ವಿಷಯ ಅಲ್ಲ. ಇಲ್ಲಿ ಊಟಕ್ಕೆ ಟೈಮ್ ಇಲ್ಲ. ಗೋಡೆ ಮೇಲೆ ಆಂಟಿ ಒಂದು ಕ್ಯಾಲೆಂಡರ್ ಹಾಕಿದ್ದಾರೆ. ಯಾರಿಗೆ ಯಾವ ದಿನ ನೈಟ್, ಯಾರಿಗೆ ಡೇ, ಯಾರಿಗೆ ಆಫ್ ಅಂತ ನಾವೇ ಬರೆಯಬೇಕು. ಬೆಳಿಗ್ಗೆ ನೈಟ್‌ನವರ ತಟ್ಟೆಗಳನ್ನು ಮೊದಲು ತೆಗೆದು, ಮುಚ್ಚಿ, ಆಮೇಲೆ ಉಳಿದವರಿಗೆ ಬಡಿಸ್ತಾರೆ. ಹಳೆಯ ಪಿಜಿಗಳಲ್ಲಿ ಒಂಬತ್ತೂವರೆಗೆ ಪಾತ್ರೆ ತೊಳೆದಿರುತ್ತಿದ್ದರು. ಬಿಸ್ಕತ್ತು, ಚಹಾ ಕುಡಿದು ಮಲಗಿದ ದಿನ ಎಷ್ಟಿವೆಯೋ.

ರಾತ್ರಿಗೆ ಡಬ್ಬಿ ಕಟ್ಟಿಕೊಡ್ತಾರೆ. ಮೊದಮೊದಲು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಡುತ್ತಿದ್ದರು, ಕೆಡಲ್ಲ ಅಂತ. ಆದರೆ ನಾವು ತಿನ್ನುವುದು ಎರಡು, ಎರಡೂವರೆಗೆ, ವಾರ್ಡಿನ ಪಕ್ಕದ ಇಂಜೆಕ್ಷನ್ ರೂಮಿನಲ್ಲಿ, ನಿಂತುಕೊಂಡು. ಖಡಕ್ ರೊಟ್ಟಿ ಮುರಿದರೆ ಸದ್ದು ಹೊರಗೆ ಕೇಳುತ್ತೆ. ಒಬ್ಬ ರೋಗಿಯ ಕಡೆಯವರು "ನಮ್ಮಪ್ಪ ನರಳ್ತಾನ, ಇವರು ಒಳಗ ಕುಂತು ತಿನ್ನಾಕತ್ತಾರ" ಅಂತ ಕೂಗಿದರು. ಆ ದಿನ ಅದು ನನ್ನ ಮೊದಲ ತುತ್ತು. ಆಂಟಿಗೆ ಹೇಳಿದೆ. ಮರುದಿನದಿಂದ ಮೆತ್ತನೆ ರೊಟ್ಟಿಯನ್ನು ಪಲ್ಯ ಹಾಕಿ ಸುತ್ತಿ, ಕೈಯಲ್ಲೇ ಹಿಡಿದು ತಿನ್ನುವ ಹಾಗೆ ಕೊಡ್ತಾರೆ. ಜೊತೆಗೆ ಒಂದು ಲೀಟರ್ ನೀರಿನ ಬಾಟಲಿ. ಬೆಳಿಗ್ಗೆ ಖಾಲಿಯಾಗಿದೆಯಾ ಅಂತ ನೋಡ್ತಾರೆ. ನಾವು ನೀರು ಕುಡಿಯಲ್ಲ, ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ವಾರ್ಡ್ ಬಿಟ್ಟು ಹೋಗಲು ಆಗಲ್ಲ. ಈ ಪಿಜಿಯಲ್ಲಿ ನಾನೂ ಸೇರಿ ಮೂವರಿಗೆ ಉರಿಮೂತ್ರ ಆಗಿ ಮಾತ್ರೆ ನುಂಗಿದ್ದೇವೆ. ದಿನಾ ನೂರು ಜನರಿಗೆ "ನೀರು ಜಾಸ್ತಿ ಕುಡೀರಿ" ಅನ್ನುವವರು ನಾವು.

ವಾರ್ಡ್ ಬಿಟ್ಟು ಹೋಗಲು ಯಾಕೆ ಆಗಲ್ಲ ಅಂತ ನಮ್ಮ ಮನೆಯವರೇ ಕೇಳ್ತಾರೆ. ಒಂದು ರಾತ್ರಿ ಹೇಳಿದರೆ ಸಾಕು. ಕಳೆದ ವರ್ಷ, ಮಳೆ ಶುರುವಾಗಿ ಬಿತ್ತನೆ ನಡೆಯುತ್ತಿದ್ದ ಸಮಯ. ವಾರ್ಡಿನಲ್ಲಿ 26 ರೋಗಿಗಳು, ನಾವು ಇಬ್ಬರು. ರಾತ್ರಿ ಒಂದಕ್ಕೆ ಐಸಿಯುನಲ್ಲಿ ಕಡಿಮೆ ಅಂತ ಇನ್ನೊಬ್ಬಳನ್ನು ಕರೆದುಕೊಂಡು ಹೋದರು. ನಾನೊಬ್ಬಳೇ. ಒಂದೂವರೆಗೆ ಹೊಲದಲ್ಲಿ ಕೊಳಕುಮಂಡಲ ಕಚ್ಚಿದ ಒಬ್ಬ ಹುಡುಗ ಬಂದ. ಇಪ್ಪತ್ತು ವರ್ಷ ಇರಬಹುದು. ಹಾವಿನ ವಿಷದ ಕೇಸಿನಲ್ಲಿ ಒಂದು ಪರೀಕ್ಷೆ ಇದೆ. ಒಣ ಗಾಜಿನ ಟ್ಯೂಬಿನಲ್ಲಿ 2 ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ವಾಲಿಸಿ ನೋಡುವುದು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ವಿಷ ರಕ್ತದಲ್ಲಿ ಕೆಲಸ ಮಾಡುತ್ತಿದೆ ಅಂತ. ಹರಿಯಿತು. ಡ್ಯೂಟಿ ಡಾಕ್ಟರ್ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಹತ್ತು ವಯಲ್ ಶುರು ಮಾಡಿಸಿದರು. ಆ ಮದ್ದು ಹೋಗುವಾಗ ಪಕ್ಕದಲ್ಲೇ ಇರಬೇಕು. ಮೈ ತುರಿಕೆ, ಉಬ್ಬಸ, ಬಿಪಿ ಇಳಿಯುವುದು, ಯಾವಾಗ ಬೇಕಾದರೂ ಆಗಬಹುದು. ಹಾಗಾದರೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ನೋಡುತ್ತಿರಬೇಕು.

ಅದೇ ಹೊತ್ತಿಗೆ ಆ ಕಡೆ ಮೂರು ಐವಿ ಬಾಟಲಿ ಖಾಲಿ. ಒಬ್ಬ ಅಜ್ಜ ನರಕ್ಕೆ ಹಾಕಿದ್ದ ಕ್ಯಾನುಲಾ ಕಿತ್ತುಕೊಂಡಿದ್ದಾರೆ, ಹಾಸಿಗೆ ತುಂಬಾ ರಕ್ತ. ಇನ್ನೊಬ್ಬರಿಗೆ ಶುಗರ್ ಇಳಿದು ಬೆವರುತ್ತಿದ್ದಾರೆ. ನಾನು ಆ ಹುಡುಗನ ಅಣ್ಣನಿಗೆ "ಇವನು ಮೈ ಕೆರೆದರೆ, ಉಸಿರು ಕಟ್ಟಿದ ಹಾಗೆ ಮಾಡಿದರೆ ಓಡಿ ಬಂದು ನನ್ನನ್ನು ಕರಿ" ಅಂತ ಹೇಳಿ ಓಡಿದೆ. ನರ್ಸ್ ಮಾಡಬೇಕಾದ ಕೆಲಸವನ್ನು ಬಿತ್ತುವ ಹೊಲದಿಂದ ಎದ್ದುಬಂದ ರೈತನ ಕೈಗೆ ಕೊಟ್ಟೆ. ಬೇರೆ ದಾರಿ ಇರಲಿಲ್ಲ. ಬಾಟಲಿ ಖಾಲಿಯಾದ ಒಬ್ಬ ರೋಗಿಯ ಮಗ ನನ್ನ ಮುಖದ ಹತ್ತಿರ ಕೈ ಎತ್ತಿಕೊಂಡು ಬಂದ. ಅವನ ಹಿಂದಿನ ಗೋಡೆಯ ಮೇಲೆಯೇ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ ಜೈಲು ಅಂತ 2009ರ ಕಾಯ್ದೆಯ ಬೋರ್ಡ್ ಇತ್ತು. ಅವನ ಮೇಲೂ ನನಗೆ ಸಿಟ್ಟಿಲ್ಲ. ಅವನು ಹತ್ತು ಸಲ ಕರೆದಿದ್ದ, ನಾನು ಹೋಗಿರಲಿಲ್ಲ.

ಹಾವು ಕಚ್ಚಿದ ಹುಡುಗ ಉಳಿದ. ಬೆಳಿಗ್ಗೆ ಇಟ್ಟ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂರು ಸಲ ವಾಲಿಸಿ ನೋಡಿದೆ. ಆ ಖುಷಿ ಇಲ್ಲದಿದ್ದರೆ ಈ ಕೆಲಸ ಯಾರೂ ಮಾಡಲ್ಲ.

ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಸಾಮಾನ್ಯ ವಾರ್ಡಿಗೆ ಐದು ರೋಗಿಗಳಿಗೆ ಒಬ್ಬ ನರ್ಸ್, ಕಲಿಸುವ ಆಸ್ಪತ್ರೆಯಾದರೆ ಮೂವರಿಗೆ ಒಬ್ಬರು. ರಜೆ ಹಾಕುವವರ ಬದಲಿಗೆ ಅಂತ ನೂರಕ್ಕೆ 30ರಷ್ಟು ಮಂದಿ ಜಾಸ್ತಿ ಇರಬೇಕು. ಇದನ್ನು ನಾವು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೇವೆ. ಆ ರಾತ್ರಿ 26ಕ್ಕೆ ಒಬ್ಬಳು.

ಅವತ್ತು ಡೇ ಸಿಸ್ಟರ್ ತಡವಾಗಿ ಬಂದು, ಹ್ಯಾಂಡೋವರ್ ಮುಗಿದು, ನಾನು ಪಿಜಿಗೆ ಬಂದಾಗ ಹತ್ತೂವರೆ. ಆಂಟಿ ಏನಾಯ್ತು ಅಂತ ಕೇಳಲಿಲ್ಲ. ತಟ್ಟೆ ಮೇಲಿನ ಮುಚ್ಚಳ ತೆಗೆದು, ಉಪ್ಪಿಟ್ಟು ಬಿಸಿ ಮಾಡಿ, ಮುಂದೆ ಕೂತರು. ನಾನು ತಿನ್ನುತ್ತಾ ನಿದ್ದೆ ಹೋದೆನಂತೆ. ಕೈ ತೊಳೆಸಿ ಮಲಗಿಸಿದ್ದು ನನಗೆ ನೆನಪಿಲ್ಲ. ಸಂಜೆ ಎದ್ದಾಗ ಕೇಳಿದ್ದು ಒಂದೇ: "ನಿದ್ದಿ ಆಯ್ತೇನವ್ವಾ?" ದಿನಾ ಕೇಳ್ತಾರೆ. ನಾನು ಕೆಲಸ ಮಾಡಿದ ಎರಡು ಆಸ್ಪತ್ರೆಗಳಲ್ಲಿ ಇದನ್ನು ಯಾರೂ ಕೇಳಿಲ್ಲ. ಕೇಳಬೇಕಾದವರು ಅವರೇ ಅಲ್ವಾ? ನಿದ್ದೆಗೆಟ್ಟವಳ ಕೈಗೆ ಸಿರಿಂಜ್ ಕೊಡುವವರು ಅವರು.

ದುಡ್ಡಿನ ವಿಷಯ. ಬಾಡಿಗೆ, ಊಟ ಸೇರಿ ತಿಂಗಳಿಗೆ 5,200. ಅಡ್ವಾನ್ಸ್ ಒಂದು ತಿಂಗಳದ್ದು. ನನ್ನ ಸಂಬಳ 16,000. ಮನೆಗೆ 6,000 ಕಳಿಸ್ತೇನೆ, ತಮ್ಮ ಓದುತ್ತಿದ್ದಾನೆ. ಉಳಿಯುವುದು 4,800. ಸಂಬಳ ಹತ್ತರಿಂದ ಹದಿನೈದರ ನಡುವೆ ಯಾವಾಗಲೋ ಬರುತ್ತೆ. ಹಳೆಯ ಪಿಜಿಗಳಲ್ಲಿ ಐದನೇ ತಾರೀಖಿಗೆ ಬಾಡಿಗೆ ಬೇಕಿತ್ತು, ಸಾಲ ಮಾಡಿ ಕೊಡುತ್ತಿದ್ದೆ. ಇಲ್ಲಿ ಸಂಬಳ ಆದ ಮೇಲೆ ಕೊಡು ಅಂತಾರೆ. ಒಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬಂತು, ಆಗಲೂ ಕೇಳಲಿಲ್ಲ.

ನನ್ನ ಮೊದಲ ಸಂಬಳ 9,500 ಇತ್ತು. ಆ ಆಸ್ಪತ್ರೆಯಲ್ಲಿ 50ಕ್ಕಿಂತ ಕಡಿಮೆ ಬೆಡ್. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರ ಮಾಡಿದ ಸಮಿತಿ, ಅಂಥ ಸಣ್ಣ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂತ ಹೇಳಿತ್ತು. 200 ಬೆಡ್‌ಗಿಂತ ದೊಡ್ಡದಾದರೆ ಸರ್ಕಾರಿ ನರ್ಸ್‌ನಷ್ಟೇ ಸಂಬಳ. ರಜೆ, ಡ್ಯೂಟಿ ಗಂಟೆ, ಇರಲು ಜಾಗ, ಓಡಾಡಲು ಗಾಡಿ ಇವನ್ನೂ ಸರ್ಕಾರಿಯವರ ಹಾಗೇ ಕೊಡಬೇಕು ಅಂತ ಇತ್ತು. ಇಷ್ಟು ವರ್ಷ ಆದ ಮೇಲೂ ನಾನು ಇನ್ನೂ ಆ 20,000 ನೋಡಿಲ್ಲ. ಇರಲು ಜಾಗ ಆಂಟಿ ಕೊಟ್ಟಿದ್ದಾರೆ, ಗಾಡಿ ಅಂಕಲ್ ಸ್ಕೂಟರ್.

ಮೊದಲ ಆಸ್ಪತ್ರೆಯವರು ಸೇರುವಾಗ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡು, ಡಿಪ್ಲೊಮಾ ಸರ್ಟಿಫಿಕೇಟು ಎಲ್ಲಾ ತೆಗೆದಿಟ್ಟುಕೊಂಡಿದ್ದರು. ಬಿಡ್ತೇನೆ ಅಂದಾಗ ಕೊಡಲು ನಾಲ್ಕು ತಿಂಗಳು ಓಡಾಡಿಸಿದರು. ಅಷ್ಟರಲ್ಲಿ ಒಂದು ಸರ್ಕಾರಿ ಅರ್ಜಿಯ ಕೊನೆ ದಿನ ಹೋಯ್ತು. ಅದಕ್ಕೇ ಈ ಪಿಜಿಗೆ ಬಂದ ದಿನ ಹೆದರುತ್ತಲೇ ಫೈಲ್ ತೆಗೆದೆ. ಆಂಟಿ ಆಧಾರ್ ಜೆರಾಕ್ಸ್ ಒಂದೇ ತಗೊಂಡು, "ಉಳಿದದ್ದು ನಿನ್ನ ಟ್ರಂಕಿನ್ಯಾಗ ಇಟ್ಕೋ, ಯಾರಿಗೂ ಕೊಡಬ್ಯಾಡ" ಅಂದರು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರೇ, ದಯವಿಟ್ಟು ಈ ಮಾತು ಕೇಳಿ. ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಇನ್ನು ಬೇಗ ಬೇಗ ಹೇಳ್ತೇನೆ. ಬಾತ್‌ರೂಮ್ ಕೆಳಗೆ ಎರಡು, ಮೇಲೆ ಒಂದು. ಬೆಳಿಗ್ಗೆ ಏಳಕ್ಕೆ ಸರದಿ ನಿಲ್ಲಬೇಕು. ಬಿಸಿನೀರು ಸೋಲಾರ್‌ನದು, ಹಾಗಾಗಿ ನೈಟ್ ಮುಗಿಸಿ ಬರುವ ಹೊತ್ತಿಗೆ ಮುಗಿದಿರುತ್ತೆ. ಚಳಿಗಾಲದಲ್ಲಿ ಒಂದು ಬಕೆಟ್ ಕಾಯಿಸಿ ಕೊಡ್ತಾರೆ. ನೀರಿನ ಮೋಟಾರ್ ಹಗಲು ಹನ್ನೊಂದಕ್ಕೆ ಹಾಕುತ್ತಿದ್ದರು, ಅದರ ಸದ್ದಿಗೆ ಎಚ್ಚರ ಆಗುತ್ತಿತ್ತು. ನಾವೆಲ್ಲ ಸೇರಿ ಹೇಳಿದ ಮೇಲೆ ಸಂಜೆ ಐದಕ್ಕೆ ಬದಲಾಯಿಸಿದರು. ತರಕಾರಿ ಗಾಡಿಯವನು ಓಣಿಯ ತುದಿಯಲ್ಲೇ ಕೂಗುವುದನ್ನು ನಿಲ್ಲಿಸಿ ಮನೆ ದಾಟಿ ಹೋಗಿ ಮತ್ತೆ ಶುರು ಮಾಡ್ತಾನೆ. ಅಂಕಲ್ ಅವನಿಗೆ ಹೇಗೆ ಹೇಳಿದರೋ ಗೊತ್ತಿಲ್ಲ. ಯೂನಿಫಾರ್ಮ್ ಒಣಗಿಸಲು ಮಾಳಿಗೆ ಮೇಲೆ ಬೇರೆ ತಂತಿ ಇದೆ. ವೈಫೈ ನಿಧಾನ. ಸೊಳ್ಳೆ ಇವೆ, ಪರದೆ ನೀವೇ ತರಬೇಕು.

ರಾತ್ರಿ ಗೇಟು ಯಾವಾಗಲಾದರೂ ತೆಗೆಯುತ್ತಾರೆ. ಎಂಟೂಮುಕ್ಕಾಲಿಗೆ ಡೇ ಮುಗಿಸಿ ಒಬ್ಬಳೇ ಬರಬೇಕಾದರೆ ಫೋನ್ ಮಾಡಿದರೆ ಅಂಕಲ್ ಮುಖ್ಯ ರಸ್ತೆಯವರೆಗೆ ಬಂದು ನಿಲ್ತಾರೆ. ಪಕ್ಕದ ಮನೆಯವರು ಒಮ್ಮೆ ಅದೇ ಹಳೆಯ ಮಾತು ತೆಗೆದರಂತೆ. ಆಂಟಿ ಅವರಿಗೆ, "ನಿನ್ನ ಮೊಮ್ಮಗಗ ಜ್ವರ ಬಂದಾಗ ರಾತ್ರಿ ಎರಡಕ್ಕ ಇಂಜೆಕ್ಷನ್ ಮಾಡಿದವರು ಯಾರು? ಹಿಂಥಾ ಹುಡುಗೀರೇ" ಅಂದರಂತೆ. ಇದನ್ನು ನನಗೆ ಆಂಟಿ ಹೇಳಲಿಲ್ಲ, ಪಕ್ಕದ ಮನೆಯವರೇ ಹೇಳಿದರು. ಈಗ ಅವರು ಬಿಪಿ ನೋಡಿಸಿಕೊಳ್ಳಲು ಬರ್ತಾರೆ.

ಹಬ್ಬದ ದಿನ ಊರಿಗೆ ಹೋಗಲು ಆಗದವರಿಗೆ ಇಲ್ಲೇ ಅಡುಗೆ ಇರುತ್ತೆ. ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಮಾಡಿದ್ದರು. ನಮ್ಮೂರಿಗೆ ಜೇವರ್ಗಿ ಮೇಲೆ ಬಸ್ಸು ಬೇಕಾದಷ್ಟಿವೆ, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ಆದರೆ ರಜೆ ಸಿಗಬೇಕಲ್ಲ. ಅವತ್ತು ಅಪ್ಪ ಹೊಲದಿಂದ ವಿಡಿಯೋ ಕಾಲ್ ಮಾಡಿ ಚರಗ ಚೆಲ್ಲುವುದನ್ನು, ಅಂದರೆ ಹೊಲಕ್ಕೆ ನೈವೇದ್ಯ ಎರಚುವುದನ್ನು, ತೋರಿಸಿದರು. ನಾನು ಇಲ್ಲಿ ಅಡುಗೆಮನೆಯಲ್ಲಿ ಕೂತು ನೋಡಿದೆ.

ಕೆಳಗಿನ ರೂಮಿನಲ್ಲಿ ಮುಂದಿನ ತಿಂಗಳು ಒಂದು ಮಂಚ ಖಾಲಿಯಾಗುತ್ತೆ. ಅದಕ್ಕೇ ಇದನ್ನು ಬರೆಯಲು ಕೂತೆ. ನನ್ನ ರೂಮ್‌ಮೇಟ್ ಹೋಗುತ್ತಿದ್ದಾಳೆ. ಬೇರೆ ಆಸ್ಪತ್ರೆಗೆ ಅಲ್ಲ, ಹೊರದೇಶಕ್ಕೂ ಅಲ್ಲ. ಇಲ್ಲಿಯ ಸೂಪರ್ ಮಾರ್ಕೆಟ್ ಅನ್ನುವ ಏರಿಯಾದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ ಸಿಕ್ಕಿದೆ. ಬಿಎಸ್ಸಿ ನರ್ಸಿಂಗ್, ನಾಲ್ಕು ವರ್ಷ ಓದಿ ಫಸ್ಟ್ ಕ್ಲಾಸ್ ತಗೊಂಡವಳು. ಕೈ ನಡುಗದೆ ಸಣ್ಣ ಮಕ್ಕಳಿಗೆ ಕ್ಯಾನುಲಾ ಹಾಕುತ್ತಿದ್ದಳು. ನಮ್ಮಿಂದ ಆಗದ ನರಗಳಿಗೆ ಅವಳನ್ನೇ ಕರೆಯುತ್ತಿದ್ದರು. ಅಂಗಡಿಯಲ್ಲಿ ಸಂಬಳ 1,500 ಕಡಿಮೆ. ಯಾಕೆ ಅಂತ ಕೇಳಿದೆ. "ರಾತ್ರಿ ಮಲಗಬಹುದು" ಅಂದಳು.

ಅವಳದು ಕಿಟಕಿ ಪಕ್ಕದ ಮಂಚ. ಫರಸಿ ನೆಲ, ಕೂಲರ್ ನೇರ ಎದುರು. ಪರದೆ ಒಂದು ಗೇಣು ಗಿಡ್ಡ ಇದೆ, ಮಧ್ಯಾಹ್ನ ಮೂರರ ಮೇಲೆ ಕಾಲಿನ ಹತ್ತಿರ ಬಿಸಿಲು ಬೀಳುತ್ತೆ. ಬಂದ ದಿನವೇ ಅಂಕಲ್‌ಗೆ ಹೇಳಿ, ಹೊಲಿಸಿ ಕೊಡ್ತಾರೆ. ನೋಡಲು ಬರುವುದಾದರೆ ಸಂಜೆ ಐದರ ಮೇಲೆ ಬನ್ನಿ, ಬೆಲ್ ಒತ್ತಬೇಡಿ, ಗೇಟಿನ ಚಿಲಕ ಮೆಲ್ಲಗೆ ತೆಗೆಯಿರಿ. ಆ ಹೊತ್ತಿಗೂ ಯಾರಾದರೊಬ್ಬರು ಮಲಗಿರ್ತಾರೆ.